ಹೋರಾಡಿದವರು ಯಾರು, ಆಳಿದವರು ಯಾರು?

ಪ್ರಶ್ನೆ: ಬ್ರಿಟಿಷರ ವಿರುದ್ಧ ಕಾಡು ಸೇರಿ ಹೋರಾಡಿದ ಮೌ ಮೌ ಬಂಡಾಯಗಾರರನ್ನು ಸ್ವತಂತ್ರ ಕೀನ್ಯಾ ಅಷ್ಟು ವರ್ಷ ಯಾಕೆ ಮರೆತಿತ್ತು? ಪ್ರಾಣ ಕೊಟ್ಟವರೇ ದೇಶದ ಗುರುತಾಗಬೇಕಲ್ವಾ?

ಉತ್ತರ: ಮರೆತಿತ್ತು ಅನ್ನೋದಕ್ಕಿಂತ ಮರೆಸಲಾಗಿತ್ತು ಅನ್ನಬೇಕು. ಒಳ್ಳೊಳ್ಳೆಯ ಜಮೀನೆಲ್ಲ ಬಿಳಿಯರ ಕೈ ಸೇರಿತ್ತು. ಬಂಡೆದ್ದವರು ಕೇಳಿದ್ದು ಎರಡೇ: ಜಮೀನು ಮತ್ತು ಸ್ವಾತಂತ್ರ್ಯ. 1952ರ ಅಕ್ಟೋಬರ್ 20ರಂದು ಬ್ರಿಟಿಷರು ತುರ್ತು ಪರಿಸ್ಥಿತಿ ಹೇರಿದರು, ಆಮೇಲೆ ಸಾವಿರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು. ಆದರೆ ಇದು ಬರೀ ಕರಿಯರು ಬಿಳಿಯರ ನಡುವಿನ ಜಗಳ ಆಗಿರಲಿಲ್ಲ. ಬಂಡಾಯದಲ್ಲಿ ಹೆಚ್ಚಾಗಿದ್ದ ಕಿಕುಯು ಅನ್ನೋ ಜನಾಂಗದಲ್ಲೇ ಕೆಲವರು ಕಾಡಿನಲ್ಲಿದ್ದರು, ಕೆಲವರು ಬ್ರಿಟಿಷರು ಕಟ್ಟಿದ ಹೋಮ್ ಗಾರ್ಡ್ ಪಡೆಯಲ್ಲಿದ್ದರು. ಬಂಡಾಯಗಾರರು ಸೆರೆಶಿಬಿರದಲ್ಲಿ ಕೊಳೆಯುತ್ತಿದ್ದಾಗಲೇ ಊರಿನಲ್ಲಿ ಜಮೀನಿನ ಅಳತೆ, ಹಂಚಿಕೆ, ಪತ್ರ ಮಾಡಿಕೊಡೋದು ಶುರುವಾಯಿತು. ಅದರಲ್ಲಿ ಲಾಭ ಜಾಸ್ತಿ ಆಗಿದ್ದು ಸರ್ಕಾರದ ಪರ ಇದ್ದವರಿಗೆ.

1963ರ ಡಿಸೆಂಬರ್ 12ರಂದು ಸ್ವಾತಂತ್ರ್ಯ ಬಂತು. ಅಧಿಕಾರಕ್ಕೆ ಬಂದ ಜೋಮೋ ಕೆನ್ಯಾಟಾ ಅವರನ್ನು ಬ್ರಿಟಿಷರು ಜೈಲಿಗೆ ಹಾಕಿದ್ದೇ ಮೌ ಮೌ ನಡೆಸಿದ ಆರೋಪದ ಮೇಲೆ. ಅದೇ ಕೆನ್ಯಾಟಾ ಮೌ ಮೌ ಅನ್ನು ಒಂದು ರೋಗ ಅಂದರು, ಅದನ್ನು ಮತ್ತೆ ನೆನೆಯಬಾರದು ಅಂದರು. ಸ್ವಾತಂತ್ರ್ಯಕ್ಕಾಗಿ ನಾವೆಲ್ಲರೂ ಹೋರಾಡಿದ್ದೇವೆ ಅನ್ನೋದು ಅವರ ಮಾತಾಗಿತ್ತು. ಕೊಂದವರ ಮನೆಯವರೂ ಸತ್ತವರ ಮನೆಯವರೂ ಒಂದೇ ಊರಲ್ಲಿ ಬಾಳಬೇಕಿತ್ತಲ್ಲ, ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲರೂ ಹೋರಾಡಿದರು ಅಂದಮೇಲೆ ನಿಜವಾಗಿ ಹೋರಾಡಿದವನು ವಿಶೇಷವಾಗಿ ಏನನ್ನೂ ಕೇಳುವ ಹಾಗಿಲ್ಲ. ಬಿಳಿಯರು ಬಿಟ್ಟ ಜಮೀನು ದುಡ್ಡು ಕೊಟ್ಟು ಕೊಳ್ಳುವವರ ಪಾಲಾಯಿತು, ಕಾಡಿನಿಂದ ಬರಿಗೈಲಿ ಬಂದವನ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ಮರೆವಿನ ಬೇರು ಅಲ್ಲಿದೆ.

ವಸಾಹತು ಸರ್ಕಾರ 1950ರಲ್ಲಿ ಹಾಕಿದ್ದ ಮೌ ಮೌ ನಿಷೇಧ ತೆಗೆದದ್ದು 2003ರಲ್ಲಿ. ಅಂದರೆ ಸ್ವತಂತ್ರ ದೇಶದಲ್ಲೂ ಸುಮಾರು ನಲವತ್ತು ವರ್ಷ ಅದು ಕಾನೂನುಬಾಹಿರ ಸಂಘಟನೆ! ಕಾಡಿನ ನಾಯಕ ದೆದಾನ್ ಕಿಮಾಥಿಯನ್ನು 1957ರ ಫೆಬ್ರವರಿ 18ರಂದು ಗಲ್ಲಿಗೇರಿಸಿ, ಗುರುತೂ ಇಲ್ಲದ ಗುಂಡಿಯಲ್ಲಿ ಹೂತಿದ್ದರು. ಸರಿಯಾಗಿ 50 ವರ್ಷ ಕಳೆದ ದಿನ ನೈರೋಬಿಯಲ್ಲಿ ಅವರ ಪ್ರತಿಮೆ ನಿಂತಿತು. ಜಡೆಗಟ್ಟಿದ ಕೂದಲು, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಠಾರಿ. ಅಕ್ಟೋಬರ್ 20ರ ರಜೆಯನ್ನೇ ನೋಡಿ, ಅದು ಮೊದಲು ಕೆನ್ಯಾಟಾ ದಿನ, 2010ರ ಸಂವಿಧಾನ ಬಂದಮೇಲೆ ಮಶುಜಾ ದಿನ, ಅಂದರೆ ವೀರರ ದಿನ. ಒಬ್ಬರ ಹೆಸರಿನಲ್ಲಿದ್ದ ದಿನ ಹಲವರದ್ದಾಗಲು ಅಷ್ಟು ಕಾಲ ಬೇಕಾಯಿತು. 2013ರಲ್ಲಿ ಬ್ರಿಟನ್ ಕೂಡ ಚಿತ್ರಹಿಂಸೆಗೆ ವಿಷಾದ ಸೂಚಿಸಿ 5,228 ಜನರಿಗೆ ಪರಿಹಾರ ಒಪ್ಪಿಕೊಂಡಿತು.

ಪ್ರಶ್ನೆ: ಹೋರಾಟದ ಕಾಲದ ಒಡಕು ಆಮೇಲೆ ಪಕ್ಷ ರಾಜಕೀಯವಾಗಿ ಉಳಿದ ಉದಾಹರಣೆ ಇದೆಯಾ?

ಉತ್ತರ: ಐರ್ಲೆಂಡ್. ಬ್ರಿಟನ್ ಜೊತೆಗಿನ 1921ರ ಒಪ್ಪಂದ ಬೇಕು ಅಂದವರು, ಬೇಡ ಅಂದವರು ಅಂತರ್ಯುದ್ಧವನ್ನೇ ಮಾಡಿದರು. ದಶಕಗಳ ಕಾಲ ಅಲ್ಲಿನ ಎರಡು ದೊಡ್ಡ ಪಕ್ಷಗಳಾಗಿದ್ದ ಫಿಯನಾ ಫಾಯ್ಲ್ ಮತ್ತು ಫಿನ ಗೇಲ್‌ಗಳ ಮೂಲ ಅದೇ. ಅವೆರಡೂ ಸೇರಿ ಸಮ್ಮಿಶ್ರ ಸರ್ಕಾರ ಮಾಡಿದ್ದು ಮೊದಲ ಬಾರಿಗೆ 2020ರಲ್ಲಿ.

ಪ್ರಶ್ನೆ: ಹೋರಾಟಗಾರರೇ ಅಧಿಕಾರ ಹಿಡಿದರೆ ಎಲ್ಲ ಸರಿಹೋಗುತ್ತದಾ?

ಉತ್ತರ: ಸುಮ್ನೆ ಹೌದು ಅನ್ನೋಕಾಗಲ್ಲ. ಅಲ್ಜೀರಿಯಾ 1954ರಿಂದ 1962ರವರೆಗೆ ಫ್ರಾನ್ಸ್ ವಿರುದ್ಧ ಹೋರಾಡಿತು. ಗೆದ್ದ ಎಫ್‌ಎಲ್‌ಎನ್ (ರಾಷ್ಟ್ರೀಯ ವಿಮೋಚನಾ ರಂಗ ಅನ್ನೋ ಹೋರಾಟದ ಸಂಘಟನೆ) ಸುಮಾರು ಕಾಲು ಶತಮಾನ ಬೇರೆ ಪಕ್ಷಕ್ಕೆ ಜಾಗವೇ ಕೊಡಲಿಲ್ಲ. 1996ರ ಸಂವಿಧಾನದಲ್ಲಿ ಒಂದು ಷರತ್ತಿದೆ, ಓದಿದಾಗ ನಾನು ಬೆಚ್ಚಿದ್ದೆ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು 1942ರ ಜುಲೈಗೆ ಮೊದಲು ಹುಟ್ಟಿದ್ದರೆ ಕ್ರಾಂತಿಯಲ್ಲಿ ಭಾಗವಹಿಸಿದ್ದನ್ನು ತೋರಿಸಬೇಕು, ಆಮೇಲೆ ಹುಟ್ಟಿದ್ದರೆ ತಂದೆತಾಯಿ ಕ್ರಾಂತಿಯ ವಿರುದ್ಧ ಕೆಲಸ ಮಾಡಿರಲಿಲ್ಲ ಅಂತ ತೋರಿಸಬೇಕು! ಅಪ್ಪ ಅಮ್ಮ ಏನು ಮಾಡಿದ್ದರು ಅನ್ನೋದು ಮಗನ ಅರ್ಹತೆಯಾದರೆ, ಬಂಡಾಯ ಜನರದ್ದಾಗಿ ಉಳಿಯದೆ ಆಳುವವರ ಆಸ್ತಿಯಾಗುತ್ತದೆ. 2019ರಲ್ಲಿ ಅಧ್ಯಕ್ಷ ಬೂತೆಫ್ಲಿಕಾ ಐದನೇ ಬಾರಿ ನಿಲ್ಲಲು ಹೊರಟಾಗ ಜನ ಬೀದಿಗಿಳಿದರು. ಬೂತೆಫ್ಲಿಕಾ ಕೂಡ ಹಳೆಯ ಹೋರಾಟಗಾರರೇ. ಆ ಗುಂಪಿನಲ್ಲಿ ಎಂಬತ್ತು ದಾಟಿದ ಜಮೀಲಾ ಬೂಹಿರೆದ್ ನಡೆದರು. 1957ರಲ್ಲಿ ಫ್ರೆಂಚರು ಮರಣದಂಡನೆ ವಿಧಿಸಿದ್ದರೂ ಬದುಕುಳಿದ ಹೆಣ್ಣುಮಗಳು, ಈ ಸಲ ನಿಂತದ್ದು ತಮ್ಮದೇ ದೇಶದ ಸರ್ಕಾರದ ಎದುರು.