ಕೆಲಸ ಮಾಡ್ತಿದ್ದ ನೌಕೆಯನ್ನು ಚಂದ್ರನಿಗೆ ಗುದ್ದಿಸಿದ್ದು ಯಾಕೆ?

ಪ್ರಶ್ನೆ: ಯುರೋಪಿನವರು ಸ್ಮಾರ್ಟ್-1 ಅನ್ನೋ ನೌಕೆಯನ್ನು ಬೇಕಂತಲೇ ಚಂದ್ರನಿಗೆ ಗುದ್ದಿಸಿದರಂತೆ. ಸುಮ್ನೆ ಸುತ್ತಿಕೊಂಡಿರಲಿ ಅಂತ ಬಿಡಬಹುದಿತ್ತಲ್ವಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಚಳ್ಳಕೆರೆಯಿಂದ ಈ ಪ್ರಶ್ನೆ ಬಂದಿದ್ದು ಖುಷಿ. ಚಂದ್ರಯಾನ-2ರ ಲ್ಯಾಂಡರ್ ಮೆತ್ತಗೆ ಇಳಿಯಲಿ ಅಂತ ಇಸ್ರೋದವರು ಚಂದ್ರನಂಥದ್ದೇ ಗುಂಡಿ ತೋಡಿ ಸೆನ್ಸರ್ ಪರೀಕ್ಷೆ ಮಾಡಿದ್ದು ನಿಮ್ಮ ಪಕ್ಕದ ಉಳ್ಳಾರ್ತಿ ಕಾವಲಿನಲ್ಲೇ. ನೀವು ಕೇಳಿರೋದು ಅದರ ಉಲ್ಟಾ ಕಥೆ.

ಬಿಟ್ಟಿದ್ದರೂ ಅದು ಸುತ್ತಿಕೊಂಡು ಇರುತ್ತಿರಲಿಲ್ಲ. ಅಲ್ಲಿ ಗಾಳಿಯ ತಡೆ ಇಲ್ಲ, ಮತ್ತೆ ಯಾಕೆ ಬೀಳಬೇಕು ಅಂತೀರಾ? ಚಂದ್ರನ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲ. ನೆಲದಡಿ ಅಲ್ಲಲ್ಲಿ ಭಾರದ ಗಟ್ಟಿಗಳಿವೆ, 1968ರಲ್ಲಿ ಪತ್ತೆಯಾದವು, ಮ್ಯಾಸ್ಕಾನ್ ಅಂತಾರೆ. ಇದರ ಮೇಲೆ ಭೂಮಿ ಮತ್ತು ಸೂರ್ಯನ ಎಳೆದಾಟ ಬೇರೆ. ಗುಂಡಿ ರಸ್ತೆಯಲ್ಲಿ ಸ್ಟೇರಿಂಗ್ ಬಿಟ್ಟರೆ ಗಾಡಿ ಎತ್ತಲೋ ಹೋಗುತ್ತಲ್ಲ, ಹಾಗೇ ದಾರಿ ತಿದ್ದದಿದ್ದರೆ ನೌಕೆಯೂ ಕೆಳಗಿಳಿಯುತ್ತಾ ಹೋಗುತ್ತದೆ, ತಿದ್ದೋಕೆ ಇಂಧನ ಬೇಕು. ಅಪೋಲೊ 16ರವರು 1972ರಲ್ಲಿ ಅಲ್ಲಿ ಬಿಟ್ಟು ಬಂದ ಪುಟ್ಟ ಉಪಗ್ರಹ 35 ದಿನಕ್ಕೇ ನೆಲ ಕಚ್ಚಿತು.

2003ರಲ್ಲಿ ಹೊರಟ ಸ್ಮಾರ್ಟ್-1ರ ಮುಖ್ಯ ಇಂಧನ 2005ಕ್ಕೇ ಮುಗಿದಿತ್ತು. ಹಾಗೇ ಬಿಟ್ಟಿದ್ದರೆ 2006ರ ಆಗಸ್ಟ್‌ನಲ್ಲಿ ಚಂದ್ರನ ಆಚೆ ಬದಿಯಲ್ಲಿ, ನಮ್ಮ ಯಾರ ಕಣ್ಣಿಗೂ ಕಾಣದಂತೆ ಬೀಳುತ್ತಿತ್ತು. ಹೇಗೂ ಬೀಳೋದೇ, ಕಾಣೋ ಕಡೆ ಬೀಳಲಿ ಅಂತ ಉಳಿದಿದ್ದ ಸಣ್ಣ ಎಂಜಿನ್‌ಗಳಿಂದ ದಾರಿ ಸ್ವಲ್ಪ ಎತ್ತರಿಸಿ ಎರಡು ವಾರ ಗಳಿಸಿದರು. ಸೆಪ್ಟೆಂಬರ್ 3ರಂದು ನಮ್ಮ ಕಡೆಯ ಮುಖಕ್ಕೇ ಗುದ್ದಿತು, ಸೆಕೆಂಡಿಗೆ ಸುಮಾರು 2 ಕಿ.ಮೀ. ವೇಗದಲ್ಲಿ. ಆ ವೇಗದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಅರ್ಧ ನಿಮಿಷ ಸಾಕು! ಹವಾಯಿಯ ದೂರದರ್ಶಕಕ್ಕೆ ಮಿಂಚು ಕಂಡಿತು. ನೆಟ್ಟಗೆ ಬೀಳದೆ ಸವರಿಕೊಂಡು ಹೋಗಿದ್ದಕ್ಕೆ ಗುಂಡಿ ಬದಲು ಗೀರು ಬಿತ್ತು, 20 ಮೀಟರ್ ಉದ್ದ, 4 ಮೀಟರ್ ಅಗಲ. ಆ ಜಾಗ ಗುರುತು ಸಿಕ್ಕಿದ್ದು ಮಾತ್ರ 2017ರಲ್ಲಿ.

ನನ್ನ ಕೇಳಿದರೆ ಇದು ಹಾಳು ಮಾಡಿದ್ದಲ್ಲ, ಕೊನೇ ಪ್ರಯೋಗ. ಎಷ್ಟು ಭಾರದ್ದು, ಎಷ್ಟು ವೇಗದಲ್ಲಿ, ಎಲ್ಲಿ ಬೀಳುತ್ತೆ ಅಂತ ಮೊದಲೇ ಗೊತ್ತಿರೋ ಉಲ್ಕೆ ನಮಗೆಲ್ಲಿ ಸಿಗಬೇಕು?

ನಮ್ಮ ಚಂದ್ರಯಾನ-1ಕ್ಕೆ ಈ ಯೋಗ ಇರಲಿಲ್ಲ. 2009ರ ಆಗಸ್ಟ್‌ನಲ್ಲಿ ಸಂಪರ್ಕವೇ ಕಡಿದು ಹೋಯಿತು. 2016ರಲ್ಲಿ ನಾಸಾದವರು ರೇಡಾರ್ ಹಿಡಿದು ಹುಡುಕಿದಾಗ ಇನ್ನೂ ಸುಮಾರು 200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಲೇ ಇತ್ತು. ಅಷ್ಟು ಎತ್ತರದಲ್ಲಿ ಇದ್ದಿದ್ದರಿಂದ ಬಚಾವಾಗಿತ್ತು. ಅದು ಎಲ್ಲಿ ಬೀಳಬೇಕು ಅಂತ ಆರಿಸೋ ಸ್ಟೇರಿಂಗ್ ಮಾತ್ರ ಈಗ ನಮ್ಮ ಕೈಯಲ್ಲಿಲ್ಲ.