ರಾಯಭಾರ ಕಚೇರಿಗಳ ಖರ್ಚು ದಂಡವೇ?

'ಈಗ ಎಲ್ಲಾ ವಿಡಿಯೋ ಕಾಲ್‌ನಲ್ಲೇ ಆಗುತ್ತಲ್ಲ, ದೇಶದೇಶದಲ್ಲಿ ರಾಯಭಾರ ಕಚೇರಿ ಇಟ್ಟುಕೊಳ್ಳುವ ದುಡ್ಡು ದಂಡ ಅಲ್ವಾ' ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಗಲ್ಫ್‌ನಲ್ಲಿ ಒಂಬತ್ತು ವರ್ಷ ದುಡಿದು ಬಂದವನಾಗಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ. 2025-26ರ ಬಜೆಟ್‌ನಲ್ಲಿ ವಿದೇಶಾಂಗ ಸಚಿವಾಲಯಕ್ಕೆ ಇಟ್ಟಿದ್ದು ಸುಮಾರು 20,500 ಕೋಟಿ ರೂಪಾಯಿ. ಕೇಂದ್ರದ ಒಟ್ಟು ಖರ್ಚು 50 ಲಕ್ಷ ಕೋಟಿಗೂ ಜಾಸ್ತಿ. ಅಂದರೆ ನೂರು ರೂಪಾಯಿಗೆ 40 ಪೈಸೆ. ಅದರಲ್ಲೂ ಭೂತಾನ್ ಒಂದಕ್ಕೇ 2,150 ಕೋಟಿ ನೆರವು ಇಟ್ಟಿದ್ದರು, ನೇಪಾಳ, ಮಾಲ್ಡೀವ್ಸ್‌ಗೂ ಇದರಲ್ಲೇ. ಕಚೇರಿಗಳ ಬಾಡಿಗೆ, ಸಂಬಳ, ಕಾವಲು ಎಲ್ಲಾ ಉಳಿದದ್ದರಲ್ಲಿ. ಬಾಡಿಗೆಯನ್ನು ಅಲ್ಲಿನ ದುಡ್ಡಿನಲ್ಲೇ ಕಟ್ಟಬೇಕು, ಹಾಗಾಗಿ ರೂಪಾಯಿ ಬಿದ್ದಾಗೆಲ್ಲ ಅದೇ ಕಟ್ಟಡ ನಮಗೆ ಇನ್ನಷ್ಟು ತುಟ್ಟಿ.

ಇನ್ನು ಆ ದುಡ್ಡು ಏನು ಮಾಡುತ್ತೆ ಅಂತ. ನನ್ನ ರೂಮಿನಲ್ಲಿದ್ದ ಕುಂದಾಪುರ ಕಡೆಯ ಹುಡುಗ ಒಂದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್. ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ, ಎರಡು ತಿಂಗಳ ಸಂಬಳ ಬಾಕಿ. ಹೆಣ ಊರಿಗೆ ಕಳಿಸಬೇಕೆಂದರೆ ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ಮನೆಯವರ ಒಪ್ಪಿಗೆ, ಹೆಣ ಕೆಡದಂತೆ ಮಾಡುವ ಎಂಬಾಮಿಂಗ್, ಕಾರ್ಗೋ ಬುಕಿಂಗ್, ಜೊತೆಗೆ ರಾಯಭಾರ ಕಚೇರಿಯ ಎನ್‌ಒಸಿ. ಕಂಪನಿ ಕೈಯೆತ್ತಿಬಿಟ್ಟಿತು. ರಾಯಭಾರ ಕಚೇರಿಯ ಕೌಂಟರಿನಲ್ಲಿದ್ದ ಮಲಯಾಳಿ ಗುಮಾಸ್ತರೇ ಫೋನ್ ಮೇಲೆ ಫೋನ್ ಮಾಡಿ ಪಾಸ್‌ಪೋರ್ಟ್ ತರಿಸಿದರು. ಅದರ ಮೂಲೆ ಕತ್ತರಿಸಿ, ರದ್ದಾಗಿದೆ ಅಂತ ಸೀಲು ಹೊಡೆದು ನನ್ನ ಕೈಗಿಟ್ಟರು. ಒಳಗಿನ ಫೋಟೋದಲ್ಲಿ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಕಳಿಸಿದ ಖರ್ಚು 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಬಂತು. ಅದು ನಮ್ಮಂಥವರೇ ಅಲ್ಲಿ ಪಾಸ್‌ಪೋರ್ಟ್ ಕೆಲಸಕ್ಕೆ ಹೋದಾಗ ಶುಲ್ಕದ ಜೊತೆ ಕಟ್ಟುವ ಚಿಲ್ಲರೆ ಸೇರಿ ಆದ ದುಡ್ಡು.

2023ರ ಏಪ್ರಿಲ್ ನೆನಪಿದೆಯಾ? ಸುಡಾನ್‌ನಲ್ಲಿ ಜಗಳ ಹತ್ತಿಕೊಂಡಾಗ ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ನಮ್ಮ ಸರ್ಕಾರ ನಡೆಸಿದ ಆಪರೇಷನ್ ಕಾವೇರಿಯಲ್ಲಿ 3,800ಕ್ಕೂ ಹೆಚ್ಚು ಮಂದಿಯನ್ನು ಕರೆತಂದರು. ಹಡಗು, ವಿಮಾನ ದೆಹಲಿಯಿಂದ ಕಳಿಸಬಹುದು. ಗುಂಡು ಹಾರುವಾಗ ಪೋರ್ಟ್ ಸುಡಾನ್ ಬಂದರಿನವರೆಗೆ ಬಸ್ ಹೊಂದಿಸಲು ಆ ಊರಿನ ದಾರಿ, ಡ್ರೈವರ್‌ಗಳು ಗೊತ್ತಿರುವ ನಮ್ಮವರು ಅಲ್ಲೇ ಇರಬೇಕು.

ಔತಣಕೂಟಗಳ ಖರ್ಚು ಬೇಕಾದರೆ ಕಡಿಮೆ ಮಾಡಲಿ, ನನ್ನ ತಕರಾರಿಲ್ಲ. ಕೂಲಿಯವರ ಕೌಂಟರಿನಲ್ಲಿ ಮಾತ್ರ ಇನ್ನೂ ನಾಲ್ಕು ಜನ ಕೂರಲಿ, ಅದರಲ್ಲಿ ಒಬ್ಬರಿಗಾದರೂ ಕನ್ನಡ ಬರಲಿ. ಅವತ್ತು ಆ ಹುಡುಗನ ಅಮ್ಮ ಫೋನಿನಲ್ಲಿ ಕೇಳಿದ್ದನ್ನೆಲ್ಲ ನಾನೇ ಗುಮಾಸ್ತರಿಗೆ ಹಿಂದಿಯಲ್ಲಿ ಹೇಳಬೇಕಾಯಿತು.