ಟಿಬೆಟ್, ಬಾಂಗ್ಲಾದೇಶದ ನಕ್ಷೆಯಲ್ಲಿ ಬ್ರಹ್ಮಪುತ್ರ ಯಾಕೆ ಸಿಗುತ್ತಿಲ್ಲ?

ಮಗಳ ನಕ್ಷೆಗೆ ಹುಡುಕಿದರೆ ಬ್ರಹ್ಮಪುತ್ರ ಅಸ್ಸಾಂನಲ್ಲಿ ಮಾತ್ರ ಸಿಗುತ್ತಿದೆ ಅಂದಿದ್ದೀರಿ. ಬಹುಶಃ ಹೆಸರಿನ ಗೊಂದಲ. ನದಿ ಒಂದೇ, ಗಡಿ ದಾಟಿದಂತೆ ಹೆಸರು ಬದಲಾಗುತ್ತದೆ.

ಮೊದಲು ಮಾನಸ ಸರೋವರದ ಪೂರ್ವಕ್ಕೆ ಯಾರ್ಲುಂಗ್ ತ್ಸಾಂಗ್‌ಪೋ ಹುಡುಕಿ, ಟಿಬೆಟ್‌ನಲ್ಲಿ ಈ ನದಿಯ ಹೆಸರು ಅದೇ. ಹಿಮಾಲಯದ ಉತ್ತರ ಮಗ್ಗುಲಲ್ಲೇ ಪೂರ್ವಕ್ಕೆ ಪೆನ್ಸಿಲ್ ಎಳೆಯುತ್ತಾ ಹೋಗಿ, ನಮ್ಚಾ ಬರ್ವಾ ಶಿಖರದ (7,782 ಮೀಟರ್) ಹತ್ತಿರ ನಿಲ್ಲಿಸಿ. ತಪ್ಪಾಗುವುದೇ ಇಲ್ಲಿ. ನದಿ ಆ ಬೆಟ್ಟವನ್ನು ಸುತ್ತುಹಾಕಿ, ಘಾಟಿ ರಸ್ತೆಯ ತಿರುವಿನ ಹಾಗೆ ದಕ್ಷಿಣಕ್ಕೆ ಹೊರಳುತ್ತದೆ. ಸುಮ್ನೆ ನೇರ ಗೆರೆ ಎಳೆದುಬಿಡಬೇಡಿ, ಈ ತಿರುವೇ ನಕ್ಷೆಯ ಜೀವ.

ಅರುಣಾಚಲದಲ್ಲಿ ಅದು ಸಿಯಾಂಗ್. ಪಾಸಿಘಾಟ್ ದಾಟಿ, ದಿಬಾಂಗ್, ಲೋಹಿತ್ ನದಿಗಳು ಸೇರಿದ ಮೇಲೆ ಬ್ರಹ್ಮಪುತ್ರ. ಅಸ್ಸಾಂನ ಧುಬ್ರಿ ಆದಮೇಲೆ ಬಾಂಗ್ಲಾದೇಶದಲ್ಲಿ ಜಮುನಾ. ಅಲ್ಲಿ ಗಂಗೆಗೆ ಪದ್ಮಾ ಅಂತಾರೆ, ಅದನ್ನು ಕೂಡಿ, ಚಾಂದ್‌ಪುರದ ಬಳಿ ಮೇಘನಾ ಸೇರಿ ಬಂಗಾಳ ಕೊಲ್ಲಿಗೆ.

ಬಾಂಗ್ಲಾದೇಶದ ಮೈಮೆನ್‌ಸಿಂಗ್ ಪಕ್ಕ ‘ಹಳೆ ಬ್ರಹ್ಮಪುತ್ರ’ ಕಂಡರೆ ತೆಳು ಗೆರೆ ಸಾಕು. 18ನೇ ಶತಮಾನದ ಕೊನೆಯ ಹೊತ್ತಿಗೆ ಮುಖ್ಯ ಹರಿವು ಜಮುನಾ ಕಡೆ ಸರಿಯಿತು.

ನದಿಯ ಮಹತ್ವ ಬರೆಯುವ ಜಾಗದಲ್ಲಿ ನೀರಿನ ಜೊತೆ ಮಣ್ಣನ್ನೂ ಬರೆಸಿ. ಬಾಂಗ್ಲಾದ ಗದ್ದೆಗಳು ನಿಂತಿರುವುದೇ ಈ ನದಿಗಳು ಹೊತ್ತು ತಂದ ಹೂಳಿನ ಮೇಲೆ. ಉದ್ದ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ, ‘ಸುಮಾರು 2,900 ಕಿ.ಮೀ.’ ಅಂತ ಹಾಕಿ.